ಬೆಳಗಾವಿಯ ಕೋಟೆಯೂ ಮನ್ರೋ ದೊರೆಯ ಮಾತೂ

ನಮ್ಮಲ್ಲಿ ಅನೇಕರು ಸಂತೆಗೆಂದೋ ಕಚೇರಿಯ ಕೆಲಸಕ್ಕೆಂದೋ ಖಾನಾಪುರದ ಕಡೆಯಿಂದ ಬೆಳಗಾವಿಗೆ ಹೋಗಿ ಬರುವವರಾಗಿದ್ದೇವೆ. ಆ ನಗರದ ಕೋಟೆಯನ್ನೂ ಅದನ್ನು ಸುತ್ತಿರುವ ಕಂದಕವನ್ನೂ ಕಾಣದವರು ವಿರಳ. ಆ ಕೋಟೆಯನ್ನು 1818ನೇ ಇಸವಿಯಲ್ಲಿ ಕುಂಪಣಿ ಸರಕಾರದ ವಶಕ್ಕೆ ತಂದವರೂ ಬಳಿಕ ಏಳು ವರುಷ ಮದ್ರಾಸಿನ ಗವರ್ನರರಾಗಿದ್ದವರೂ ಆದ ಸರ್ ತೋಮಸ್ ಮನ್ರೋರವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಕೋಟೆಯನ್ನು ಗೆಲ್ಲುವುದಕ್ಕಿಂತ ಜನರ ನಂಬಿಕೆಯನ್ನು ಗೆದ್ದು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿದುಬರುವುದು.

ಮನ್ರೋರವರು 1761ನೇ ಮೇ 27ರಂದು ಸ್ಕಾಟ್ಲಂಡ್ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಅಮೇರಿಕದ ವರ್ಜೀನಿಯ ಸೀಮೆಯೊಡನೆ ವ್ಯಾಪಾರ ನಡಿಸುತ್ತಿದ್ದ ವರ್ತಕನು. ಅಮೇರಿಕದಲ್ಲಿ ಯುದ್ಧವೆದ್ದಾಗ ಆ ವ್ಯಾಪಾರವು ಮುಳುಗಿ, ಉಂಡುಟ್ಟು ಸುಖವಾಗಿದ್ದ ಕುಟುಂಬವು ಬಡತನಕ್ಕೆ ಬಂತು. ಹೀಗಿರಲಾಗಿ ತೋಮಸನು ಕುಂಪಣಿಯ ಕಾಲಾಳು ದಂಡಿಗೆ ಸೇರಿ 1780ನೇ ಜನವರಿಯಲ್ಲಿ ಮದ್ರಾಸಿನಲ್ಲಿ ಇಳಿದನು. ಕಿವಿ ಸ್ವಲ್ಪ ಮಂದ, ಕೈಯಲ್ಲಿ ಹಣವಿಲ್ಲ, ಪಕ್ಷ ವಹಿಸುವ ದೊಡ್ಡವರಿಲ್ಲ. ಆದಾಗ್ಯೂ ಇದೇ ದೇಶದಲ್ಲಿದ್ದ ತನ್ನ ಸಹೋದರನೊಡನೆ ಕೂಡಿ, ಬರುತ್ತಿದ್ದ ಸಂಬಳದಲ್ಲಿ ಉಳಿಸಿ, ಊರಲ್ಲಿದ್ದ ತಂದೆತಾಯಿಗಳಿಗೆ ಹಣವನ್ನು ಕಳುಹಿಸುತ್ತಾ ಬಂದನು.

ಹೈದರಾಲಿಯ ಮೇಲಣ ಯುದ್ಧದಲ್ಲಿ ಸೇವೆ ಮಾಡಿದ ಮೇಲೆ, 1792ರಲ್ಲಿ ಬಾರಾಮಹಲ್ ಸೀಮೆಯ ಕಂದಾಯದ ಕೆಲಸಕ್ಕೆ ಇವರನ್ನು ನೇಮಿಸಿದರು. 1799ರಲ್ಲಿ ಕನ್ನಡ ಜಿಲ್ಲೆಯೂ, 1800ರಿಂದ 1807ರ ವರೆಗೆ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ದತ್ತ ಮಂಡಲವೂ ಇವರ ಕೈಗೆ ಬಂದವು. ಆ ಕಾಲದಲ್ಲಿ ಬಹು ಕಡೆ ಜಮೀನುದಾರರೂ ಗುತ್ತಿಗೆದಾರರೂ ಸರಕಾರಕ್ಕೂ ರಯತನಿಗೂ ನಡುವೆ ನಿಂತು ಬೆಳೆಯ ದೊಡ್ಡ ಪಾಲನ್ನು ತಿನ್ನುತ್ತಿದ್ದರು. ಮನ್ರೋರವರು ವರುಷಗಟ್ಟಲೆ ಡೇರೆಯಲ್ಲೇ ವಾಸಿಸಿ, ಊರೂರು ತಿರುಗಿ, ಹೊಲಗಳನ್ನು ಅಳೆಯಿಸಿ, ನೇಗಿಲು ಹಿಡಿಯುವವನ ಹೆಸರಿಗೇ ಪಟ್ಟಾ ಕೊಡುವ ಕ್ರಮವನ್ನು ಬಲಪಡಿಸಿದರು. ಇದಕ್ಕೆ ರಯತವಾರಿ ಎಂದು ಹೆಸರು. ಈ ಕ್ರಮದಲ್ಲಿಯೂ ದೋಷವಿಲ್ಲದಿರಲಿಲ್ಲ; ಯಾಕಂದರೆ ತೆರಿಗೆಯ ಮೊತ್ತವು ಹೆಚ್ಚಾಗಿತ್ತು. ಇದನ್ನು ಅರಿತ ಮನ್ರೋರವರು ನೂರಕ್ಕೆ 25ರಂತೆ ಇಳಿಸಬೇಕೆಂದು 1807ರಲ್ಲಿ ತಾವೇ ಬರೆದರು. ಆಗ ಅದು ನಡೆಯಲಿಲ್ಲ. ಅವರು ಗವರ್ನರರಾದ ಮೇಲೆಯೇ ಜಾರಿಗೆ ಬಂತು.

1807ರಲ್ಲಿ ಸ್ವದೇಶಕ್ಕೆ ಹೋದಾಗ ಅವರು ಊರು ಬಿಟ್ಟು 27 ವರುಷಗಳಾಗಿದ್ದವು. 1813ರಲ್ಲಿ ಪಾರ್ಲಿಮೆಂಟು ಕುಂಪಣಿಯ ಸನದನ್ನು ವಿಚಾರಿಸುತ್ತಿದ್ದಾಗ ಕಾಮನ್ಸ್ ಸಭೆಯ ಮುಂದೆ ಸಾಕ್ಷಿ ನುಡಿದು, ಈ ದೇಶದವರ ಬೇಸಾಯ, ಕೈಗಾರಿಕೆ, ನಡತೆಗಳ ವಿಷಯದಲ್ಲಿ ಗೌರವದಿಂದ ಮಾತಾಡಿದರು. 1814ರಲ್ಲಿ, 52ನೇ ವಯಸ್ಸಿನಲ್ಲಿ, ಜೇನ್ ಕ್ಯಾಂಬೆಲ್ ಎಂಬಾಕೆಯನ್ನು ಮದುವೆಯಾಗಿ ಅದೇ ವರುಷ ಮದ್ರಾಸಿಗೆ ಹಿಂದಿರುಗಿದರು.

ಇನ್ನು ನಮ್ಮ ಸೀಮೆಯ ಸಂಗತಿಗೆ ಬರೋಣ. 1817ರ ಕಡೆಯಲ್ಲಿ ಪೇಶ್ವೆಗೂ ಕುಂಪಣಿಗೂ ಯುದ್ಧ ಹತ್ತಿತು. ಮನ್ರೋರವರು ಧಾರವಾಡದಲ್ಲಿದ್ದರು, ಅವರ ಬಳಿ ದಂಡು ಬಹಳ ಇರಲಿಲ್ಲ. ಆದುದರಿಂದ ಈ ನಾಡಿನವರನ್ನೇ ಬಂಟರನ್ನಾಗಿ ಕೂಡಿಸಿ, ಪರಗಣೆ ಪರಗಣೆಗೆ ಕಳುಹಿಸಿ, ರಯತರಿಗೆ ಅಭಯವನ್ನು ಕೊಡಿಸಿದರು. ಪೇಶ್ವೆಯ ಅಧಿಕಾರಿಗಳ ಸುಲಿಗೆಯಿಂದ ಬೇಸತ್ತಿದ್ದ ಊರುಗಳು ಇವರ ಕಡೆಗೆ ತಿರುಗಿದವು. ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ, ಬಾಗಲಕೋಟೆಗಳು ಒಂದರ ಹಿಂದೊಂದು ವಶವಾದವು. 1818ನೇ ಮಾರ್ಚಿ ತಿಂಗಳಲ್ಲಿ ಬೆಳಗಾವಿಯ ಕೋಟೆಗೆ ಮುತ್ತಿಗೆ ಬಿತ್ತು. ಸುಮಾರು ಮೂರು ವಾರ ಎದುರು ನಿಂತ ಮೇಲೆ ಏಪ್ರಿಲ್ ತಿಂಗಳಲ್ಲಿ ಒಳಗಿನವರು ಕೋಟೆಯನ್ನು ಒಪ್ಪಿಸಿದರು.

ಈ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ಕುಂಪಣಿಗೆ ಸಹಾಯ ಮಾಡಿದನು. ಆದಕಾರಣ ಮನ್ರೋರವರು ಕಿತ್ತೂರು ಸಂಸ್ಥಾನವನ್ನು ಅವನಿಗೇ ಸ್ಥಿರಪಡಿಸಿದರು. ಖಾನಾಪುರದ ಭಾಗವನ್ನು ಅವನು ಕುಂಪಣಿಗೆ ಬಿಟ್ಟುಕೊಡುವುದೆಂದೂ ವರುಷಕ್ಕೆ ಇಷ್ಟು ಕಪ್ಪ ಕೊಡುವುದೆಂದೂ ಒಪ್ಪಂದವಾಯಿತು. ಹೀಗೆ ಖಾನಾಪುರವು ಒಂದು ಮಾತಿಗೆ ಪ್ರತಿಯಾಗಿ ಕೈಬದಲಾಯಿಸಿದ ನೆಲವೆಂಬುದನ್ನು ವಾಚಕರು ನೆನಪಿಡಬೇಕು.

ದೇಹಸ್ಥಿತಿ ಕೆಟ್ಟದ್ದರಿಂದ ಮನ್ರೋರವರು ಈ ಸೀಮೆಯ ಆಡಳಿತವನ್ನು ಚಾಪ್ಲಿನ್ ಎಂಬವರಿಗೆ ಒಪ್ಪಿಸಿ, 1819ರಲ್ಲಿ ಪತ್ನಿಯೊಡನೆ ಹಡಗು ಹತ್ತಿದರು. ಆ ಪ್ರಯಾಣದಲ್ಲೇ ಸಮುದ್ರದ ಮೇಲೆ ಅವರಿಗೆ ಮೊದಲನೆಯ ಗಂಡುಮಗು ಹುಟ್ಟಿತು. ಆದರೆ ಸುಖವಾಗಿ ಮನೆಯಲ್ಲಿ ಕೂರಲು ಅವಕಾಶ ಸಿಕ್ಕಲಿಲ್ಲ. ಮದ್ರಾಸಿನ ಗವರ್ನರರಾಗಿ ನೇಮಕವಾದದ್ದರಿಂದ ಆ ಮಗನನ್ನು ಬಂಧುಗಳ ಬಳಿಯಲ್ಲಿ ಬಿಟ್ಟು ಹೊರಟು, 1820ನೇ ಜೂನಿನಲ್ಲಿ ಅಧಿಕಾರವನ್ನು ವಹಿಸಿದರು.

ಗವರ್ನರರಾಗಿ ಅವರು ಮಾಡಿದ ಒಂದು ಕೆಲಸವು ಸ್ಮರಣೀಯವಾದದ್ದು. 1822ರಲ್ಲಿ ತಮ್ಮ ಪ್ರಾಂತದ ಶಾಲೆಗಳನ್ನೆಲ್ಲಾ ಎಣಿಸಲು ಆಜ್ಞೆ ಮಾಡಿದರು. 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದಾರೆಂದು ಲೆಕ್ಕ ಬಂತು. ಅಷ್ಟು ದೊಡ್ಡ ಪ್ರಾಂತಕ್ಕೆ ಇದು ಸಾಲದೆಂದು ಕಂಡು, ಜಿಲ್ಲೆ ತಾಲೂಕುಗಳಲ್ಲಿ ಸರಕಾರಿ ಶಾಲೆಗಳನ್ನು ಇಡುವ ಯೋಜನೆಯನ್ನು 1826ರಲ್ಲಿ ಮುಂದಿಟ್ಟರು. ಮತ್ತೊಂದು ಸಂಗತಿಯೂ ಉಂಟು. ಬಳ್ಳಾರಿಯ ಒಬ್ಬ ಸಬ್ ಕಲೆಕ್ಟರನು ತನ್ನ ಕಚೇರಿಯ ನೌಕರರಿಗೆ ಕ್ರೈಸ್ತ ಪುಸ್ತಕಗಳನ್ನು ಹಂಚಿ ಬೋಧಿಸಿದಾಗ ಮನ್ರೋರವರು ಅದನ್ನು ತಡೆದರು. ಪಾದ್ರಿಗಳು ಬೋಧಿಸಬಹುದು, ತೆರಿಗೆ ಎತ್ತುವ ಅಧಿಕಾರಿಯು ಬೋಧಿಸಿದರೆ ಜನರು ಭಯಕ್ಕೋ ಆಶೆಗೋ ತಲೆದೂಗುವರೆಂಬುದು ಅವರ ಅಭಿಪ್ರಾಯ. ಇದು ಸರಿಯೋ ತಪ್ಪೋ ಎಂಬುದನ್ನು ನಮ್ಮ ಸಭೆಗಳ ಹಿರಿಯರು ಆಲೋಚಿಸಿದರೆ ಪ್ರಯೋಜನವಾದೀತು.

1824ನೇ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಹೋದನು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತಕವನ್ನು ಒಪ್ಪದೆ ಸಂಸ್ಥಾನಕ್ಕೆ ಕೈಹಾಕಿದನು. ರಾಣಿ ಚೆನ್ನಮ್ಮನು ಎದುರು ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆಯು ಕಿತ್ತೂರಿನ ಮುಂದೆ ಸತ್ತನು. ಡಿಸೆಂಬರ್ ತಿಂಗಳಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಆ ಕಾಳಗದಲ್ಲಿ ಬಿದ್ದವರೊಳಗೆ ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದ, ಮನ್ರೋರವರ ಸ್ವಂತ ಬಂಧುವಾದ ತರುಣ ಮನ್ರೋ ಒಬ್ಬನು. ಧಾರವಾಡ ಸೀಮೆಯು ಆಗ ಮುಂಬಯಿ ಸರಕಾರದ ಕೆಳಗಿದ್ದುದರಿಂದ ಇದರಲ್ಲಿ ಮದ್ರಾಸಿನ ಗವರ್ನರರ ಅಧಿಕಾರವೇನೂ ನಡೆಯುತ್ತಿರಲಿಲ್ಲ. ಆದರೂ ಅವರು ಆರು ವರುಷಗಳ ಕೆಳಗೆ ಸ್ಥಿರಪಡಿಸಿದ ಮನೆಯೇ ಹಾಳಾಯಿತು. ಅವರ ಮನೆತನದ ರಕ್ತವೂ ಅಲ್ಲಿಯೇ ಚೆಲ್ಲಿತು.

ಇಂಥಾ ಸುದ್ದಿಯ ಕಾಲದಲ್ಲಿ ಬೇರೆ ಯಾವ ಅಧಿಕಾರಿಯಾದರೂ ಜನರ ಮೇಲೆ ಹಗೆಯನ್ನು ಬೆಳೆಸಿಯಾನು. ಮನ್ರೋರವರಾದರೋ ಅದೇ ಡಿಸೆಂಬರ್ 31ರಂದು ತಮ್ಮ ದೀರ್ಘವಾದ ಆಡಳಿತ ಪತ್ರವನ್ನು ಬರೆದರು. ಈ ದೇಶದವರನ್ನು ನಂಬಬೇಕು, ಅವರಿಗೆ ಉನ್ನತ ಹುದ್ದೆಗಳನ್ನು ಕೊಡಬೇಕು, ಮುಂದೊಂದು ದಿನ ಅವರು ತಮ್ಮ ರಾಜ್ಯವನ್ನು ತಾವೇ ಆಳುವಷ್ಟು ಸಮರ್ಥರಾಗುವಂತೆ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ಆ ದಿನವು ಬರುವುದಕ್ಕೆ 1947ರ ವರೆಗೆ ಕಾಯಬೇಕಾಯಿತು.

ಕೆಲಸವನ್ನು ಬಿಡಲು ಅವರು ಮೊದಲೇ ಅಪೇಕ್ಷಿಸಿದ್ದರು. ಬರ್ಮಾ ಯುದ್ಧದ ನಿಮಿತ್ತ ನಿಂತುಕೊಂಡರು. 1826ರಲ್ಲಿ ಚಿಕ್ಕ ಮಗನಾದ ಕ್ಯಾಂಬೆಲ್ಲನು ಕಾಯಿಲೆ ಬಿದ್ದದ್ದರಿಂದ ತಾಯಿಯು ಅವನನ್ನು ಕರಕೊಂಡು ವಿಲಾಯತಿಗೆ ಹೋದಳು. ದೊಡ್ಡ ಬಂಗಲೆಯಲ್ಲಿ ಮನ್ರೋರವರು ಒಂಟಿಯಾದರು. ಮರು ವರುಷ, ಊರಿಗೆ ಹೊರಡುವ ಮೊದಲು ದತ್ತ ಮಂಡಲದ ರಯತರನ್ನು ಕೊನೆಯ ಸಾರಿ ನೋಡಿ ಬರುವೆನೆಂದು ಹೊರಟರು. ದಾರಿಯಲ್ಲಿ ವಾಂತಿಭೇದಿ ಹಬ್ಬಿತು. 1827ನೇ ಜುಲೈ 6ರಂದು ಪತ್ತಿಕೊಂಡ ಎಂಬ ಊರಲ್ಲಿ, ಒಂದೇ ದಿನದ ಕಾಯಿಲೆಯಿಂದ, ಹೆಂಡತಿ ಮಕ್ಕಳ ಮುಖವನ್ನು ಕಾಣದೆ ಪ್ರಾಣಬಿಟ್ಟರು. ಗುತ್ತಿಯಲ್ಲಿ ಸಮಾಧಿಯಾಯಿತು, ಬಳಿಕ ಅಸ್ಥಿಗಳನ್ನು ಮದ್ರಾಸಿನ ಕೋಟೆಯೊಳಗಣ ಸೇಂಟ್ ಮೇರಿ ದೇವಾಲಯಕ್ಕೆ ಒಯ್ದರು. ಆ ಸೀಮೆಯ ರಯತರು ಬಹುಕಾಲ ತಮ್ಮ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು.

ನಮ್ಮ ಸೀಮೆಯಲ್ಲಿಯೋ ಬೇರೆ ಹೆಸರು ಉಳಿಯಿತು. ಕಿತ್ತೂರಿನ ಬಂಟನಾದ ಸಂಗೊಳ್ಳಿ ರಾಯಣ್ಣನು ರಯತರನ್ನು ಕೂಡಿಸಿ ಮತ್ತೆ ಎದ್ದನು. 1831ನೇ ಜನವರಿಯಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿಯ ಅವನ ಸಮಾಧಿಗೆ ಜನರು ಈಗಲೂ ಹೋಗುತ್ತಾರೆ.

ಗುತ್ತಿಯೂ ನಂದಗಡವೂ ನಮಗೆ ಒಂದೇ ಪಾಠವನ್ನು ಕಲಿಸುತ್ತವೆ. ಒಬ್ಬನು ನೆಟ್ಟ ನಂಬಿಕೆಯನ್ನು ಅವನ ಹಿಂದೆ ಬಂದವರು ಕಿತ್ತುಹಾಕಬಲ್ಲರು. ಅದರ ಫಲವನ್ನು ನಿರಪರಾಧಿಗಳೂ ಉಣ್ಣಬೇಕಾಗುವದು. ಹೊಲದ ಬದುವಿನ ವಿಷಯದಲ್ಲಾಗಲಿ ಸಾಲದ ವಿಷಯದಲ್ಲಾಗಲಿ ನಮ್ಮ ಹಿರಿಯರು ನೆರೆಯವರಿಗೆ ಕೊಟ್ಟ ಮಾತು ನಮ್ಮ ಕೈಯಲ್ಲಿ ಇದೆ. ಬೆಳಗಾವಿಯ ಕಂದಕದ ದಂಡೆಯಲ್ಲಿ ಹಾದುಹೋಗುವಾಗ ಇದನ್ನು ನೆನಸಿಕೊಳ್ಳೋಣ.