ಬಿಲ್ಲಿ ಹಾಲಿಡೇ: ದನಿ ಆಕೆಯದು, ರೊಕ್ಕ ಯಾರದು?



ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ನಮ್ಮ ನೆಲದ ಹೋರಾಟಗಾರರ, ಕಲಾವಿದರ ಬಗ್ಗೆ ನೀವು ಓದೇ ಓದ್ತೀರಿ. ನಾನು ಮಾತ್ರ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ತನಕ ಕರಕೊಂಡು ಹೋಗಬೇಕಂತ ಮಾಡೀನಿ. ಅಲ್ಲಿಯ ಕಪ್ಪು ಜನಾಂಗದ ಒಬ್ಬ ಹಾಡುಗಾರ್ತಿಯ ಕಥೆ ಇದು.

ನಮ್ಮಲ್ಲಿ ಹಾಡುವವರಿಗೆ, ಬಾರಿಸುವವರಿಗೆ ಕೊರತೆಯಿಲ್ಲ. ಹಲಗಿ, ಶಹನಾಯಿ, ಮದುವಿ ಬ್ಯಾಂಡು, ಭೀಮಗೀತೆ ಎಲ್ಲಾ ನಮ್ಮವರ ಕೈಯಾಗ, ನಮ್ಮವರ ಬಾಯಾಗ ಐತಿ. ಆದರೆ ಹಾಡಿದವರ ಹೆಸರು ಎಲ್ಲಿ ಉಳಿಯಿತು, ಹಾಡಿನ ರೊಕ್ಕ ಯಾರ ಕಿಸೆಗೆ ಹೋಯಿತು ಅಂತ ಕೇಳಿದರೆ ಉತ್ತರ ಸಿಗೋದು ಕಷ್ಟ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದ್ರಿ.

ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು ಎಂಬುದು ನಿಮಗೆ ಗೊತ್ತು. ಅವರು ಅಲ್ಲಿದ್ದಾಗಲೇ, 1915ರ ಏಪ್ರಿಲ್ 7ರಂದು, ಫಿಲಡೆಲ್ಫಿಯಾ ಊರಲ್ಲಿ ಎಲಿನೋರಾ ಫೇಗನ್ ಎಂಬ ಕೂಸು ಹುಟ್ಟಿತು. ತಾಯಿ ಸೇಡಿ ಇನ್ನೂ ಹದಿಹರೆಯದ ಹುಡುಗಿ. ತಂದೆ ಕ್ಲಾರೆನ್ಸ್ ಹಾಲಿಡೇ ಗಿಟಾರ್ ನುಡಿಸುವವನು. ಸಂಸಾರದ ಜೊತೆ ನಿಲ್ಲಲಿಲ್ಲ. ಕೂಸು ಬೆಳೆದದ್ದು ಬಾಲ್ಟಿಮೋರಿನಲ್ಲಿ, ಬಡತನದಲ್ಲಿ. ಶಾಲೆ ತಪ್ಪಿಸುತ್ತಾಳೆಂದು ಇನ್ನೂ ಹತ್ತು ತುಂಬದ ಆ ಹುಡುಗಿಯನ್ನು ಸುಧಾರಣಾ ಶಾಲೆಗೆ ಹಾಕಿದರು. ಗುರುವಿನ ಮುಂದೆ ಕೂತು ಆಕೆ ಸಂಗೀತ ಕಲಿಯಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್, ಬೆಸ್ಸಿ ಸ್ಮಿತ್ ಅವರ ಗ್ರಾಮೋಫೋನ್ ತಟ್ಟೆಗಳೇ ಆಕೆಗೆ ಗುರು.

1929ರ ಹೊತ್ತಿಗೆ ತಾಯಿ-ಮಗಳು ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದರು. ಬಾಬಾಸಾಹೇಬರ ವಿಶ್ವವಿದ್ಯಾಲಯಕ್ಕೆ ಹತ್ತಿಕೊಂಡಂತಿರುವ ಕಪ್ಪು ಜನರ ಕೇರಿ ಅದು. ಅಲ್ಲಿಯ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹುಡುಗಿ ಹಾಡತೊಡಗಿದಳು. ಮೆಚ್ಚಿನ ಸಿನಿಮಾ ನಟಿ ಬಿಲ್ಲಿ ಡವ್‌ಳಿಂದ ಮೊದಲ ಹೆಸರು, ಬಿಟ್ಟುಹೋದ ಅಪ್ಪನಿಂದ ಎರಡನೆಯದು ತಗೊಂಡು ಬಿಲ್ಲಿ ಹಾಲಿಡೇ ಆದಳು.

1933ರಲ್ಲಿ ಜಾನ್ ಹ್ಯಾಮಂಡ್ ಎಂಬ ಯುವಕ ಆಕೆಯ ಹಾಡು ಕೇಳಿ ಬೆರಗಾದ. ಅದೇ ವರ್ಷ ನವೆಂಬರಿನಲ್ಲಿ, ಬೆನ್ನಿ ಗುಡ್‌ಮನ್‌ನ ತಂಡದೊಡನೆ, ಆಕೆಯ ಮೊದಲ ಧ್ವನಿಮುದ್ರಣವಾಯಿತು. ಆಗ ವಯಸ್ಸು ಬರೇ 18.

1935ರಿಂದ ಪಿಯಾನೋ ವಾದಕ ಟೆಡ್ಡಿ ವಿಲ್ಸನ್‌ನ ಜೊತೆ ಸಾಲುಸಾಲಾಗಿ ತಟ್ಟೆಗಳು ಬಂದವು. ಆಗ ಅಮೆರಿಕದ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಗಳಿದ್ದವು, ಜ್ಯೂಕ್‌ಬಾಕ್ಸ್ ಅಂತಿದ್ದರು. ಆ ಪೆಟ್ಟಿಗೆ ತುಂಬಿಸಲು ಕಂಪನಿಗೆ ಅಗ್ಗದಲ್ಲಿ ಹಾಡು ಬೇಕಿತ್ತು. ಕಪ್ಪು ಕಲಾವಿದರನ್ನು ಕೂಡಿಸಿ, ಒಂದೇ ದಿನದಲ್ಲಿ ಮೂರು ನಾಲ್ಕು ಹಾಡು ಮುಗಿಸುತ್ತಿದ್ದರು. ಬಿಲ್ಲಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ದನಿಯ ಹರವೂ ದೊಡ್ಡದಲ್ಲ, ಒಂದು ಸಪ್ತಕಕ್ಕಿಂತ ತುಸು ಹೆಚ್ಚು ಅಷ್ಟೇ. ಆದರೆ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತು, ಮಾತು ಆಡಿದ ಹಂಗ ಹಾಡುತ್ತಿದ್ದಳು. ಸಪ್ಪೆ ಸಿನಿಮಾ ಹಾಡೂ ಆಕೆಯ ಬಾಯಲ್ಲಿ ಬದುಕಿನ ಮಾತಾಗುತ್ತಿತ್ತು. 1937ರಿಂದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಜೊತೆಯಾದ. ಈತ ಆಕೆಗೆ ಲೇಡಿ ಡೇ ಅಂತ ಹೆಸರಿಟ್ಟ, ಆಕೆ ಆತನಿಗೆ ಅಧ್ಯಕ್ಷ ಎಂಬರ್ಥದಲ್ಲಿ ಪ್ರೆಸ್ ಅಂತ ಕರೆದಳು. ಕೊನೆಯತನಕ ಜಗತ್ತು ಅವರನ್ನು ಅದೇ ಹೆಸರಿನಿಂದ ಕರೆಯಿತು.

ಈ ತಟ್ಟೆಗಳಿಗೆ ಬಿಲ್ಲಿಗೆ ಸಿಕ್ಕದ್ದು ದಿನಗೂಲಿ. ಹಾಡಿ ಬಂದ ದಿನ ಒಂದಿಷ್ಟು ರೊಕ್ಕ ಕೈಗೆ ಬಂದರೆ ಲೆಕ್ಕ ಮುಗೀತು. ಆಮೇಲೆ ತಟ್ಟೆ ನೂರು ಮಾರಲಿ, ಲಕ್ಷ ಮಾರಲಿ, ರಾಯಲ್ಟಿ ಎಂಬುದಿಲ್ಲ. ಇಂದಿಗೂ ಜಗತ್ತು ಕೇಳುವ ಆ ಹಾಡುಗಳು ಆಕೆಯ ಪಾಲಿಗೆ ಕೂಲಿ ಕೆಲಸವಾಗಿದ್ದವು.

ಅದು ಬಿಗ್ ಬ್ಯಾಂಡುಗಳ ಕಾಲ. ಹದಿನೈದು ಇಪ್ಪತ್ತು ವಾದಕರು ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್ಮು ಹಿಡಿದು ಬಸ್ಸಿನಲ್ಲಿ ಊರೂರು ತಿರುಗಿ ಕುಣಿತದ ಸಂಗೀತ ನುಡಿಸುತ್ತಿದ್ದರು. 1937ರಲ್ಲಿ ಬಿಲ್ಲಿ ಕೌಂಟ್ ಬೇಸಿಯ ತಂಡ ಸೇರಿದಳು. ಆದರೆ ಬೇಸಿ ಒಂದು ಕಂಪನಿಯ ಕರಾರಿನಲ್ಲಿ, ಬಿಲ್ಲಿ ಇನ್ನೊಂದು ಕಂಪನಿಯ ಕರಾರಿನಲ್ಲಿ. ಹೀಗಾಗಿ ಆ ಜೋಡಿ ಸ್ಟುಡಿಯೋದಲ್ಲಿ ಒಂದೂ ತಟ್ಟೆ ಮಾಡಲಿಲ್ಲ. ರೇಡಿಯೋ ಪ್ರಸಾರದ ಕೆಲವೇ ಹಾಡು ಉಳಿದಿವೆ.

1938ರಲ್ಲಿ ಬಿಳಿಯರದೇ ಆದ ಆರ್ಟಿ ಶಾ ತಂಡಕ್ಕೆ ಹೋದಳು. ಅಂಥ ತಂಡದಲ್ಲಿ ಕಪ್ಪು ಹೆಣ್ಣೊಬ್ಬಳು ಹಾಡುವುದು ಆಗ ತೀರ ಅಪರೂಪ. ಅವರ ಜೊತೆಗೂ ಧ್ವನಿಮುದ್ರಣವಾದದ್ದು ಒಂದೇ ಹಾಡು. ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ತಂಡ ನುಡಿಸುತ್ತಿದ್ದಾಗ, ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು, ಆಕೆಗೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬರಲು ಹೇಳಿದರು. ಗುಲಾಮಗಿರಿ ತೆಗೆದ ಲಿಂಕನ್ ಹೆಸರಿನ ಹೋಟೆಲಲ್ಲಿ, ನೋಡ್ರಿ! ಊರ ಹಿಂದಿನ ದಾರಿಯಿಂದ ಬಂದು ಮುಂದಿನ ಮೆರವಣಿಗೆಯಲ್ಲಿ ಬಾರಿಸುವುದು ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ವರ್ಷ ಮುಗಿಯುವುದರೊಳಗೆ ಬಿಲ್ಲಿ ಆ ತಂಡ ಬಿಟ್ಟಳು.

ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೆಫೆ ಸೊಸೈಟಿ ಎಂಬ ಕ್ಲಬ್ಬು ತೆರೆಯಿತು. ಕಪ್ಪು-ಬಿಳಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುವ ಜಾಗ. ಬಿಲ್ಲಿ ಅಲ್ಲಿ ಹಾಡುತ್ತಿದ್ದಾಗ ಏಬಲ್ ಮೀರೋಪೋಲ್ ಎಂಬ ಯಹೂದಿ ಶಾಲಾ ಮಾಸ್ತರ ಬರೆದ ಹಾಡೊಂದು ಆಕೆಯ ಕೈಗೆ ಬಂತು. ಹೆಸರು ಸ್ಟ್ರೇಂಜ್ ಫ್ರೂಟ್, ಅಂದ್ರ ವಿಚಿತ್ರ ಹಣ್ಣು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹೊಡೆದು ಕೊಂದು ಮರಕ್ಕೆ ತೂಗುಹಾಕುತ್ತಿದ್ದವು. ಆ ತೂಗುವ ದೇಹಗಳೇ ಹಾಡಿನ ಹಣ್ಣು. 1937ರಲ್ಲಿ ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಬಿಲ್ಲಿಯ ಅಪ್ಪ ತೀರಿಹೋಗಿದ್ದ. ಚರ್ಮದ ಬಣ್ಣಕ್ಕಾಗಿ ಅವನಿಗೆ ಹೊತ್ತಿಗೆ ಚಿಕಿತ್ಸೆ ಸಿಗಲಿಲ್ಲ ಎಂಬ ಸಂಕಟ ಆಕೆಯಲ್ಲಿತ್ತು. ಈ ಹಾಡು ಹಾಡಿದಾಗಲೆಲ್ಲ ಅಪ್ಪನ ಸಾವು ನೆನಪಾಗುತ್ತಿತ್ತೆಂದು ಆಕೆಯೇ ಹೇಳಿಕೊಂಡಿದ್ದಾಳೆ.

ಆಕೆಯ ಕಂಪನಿ ಕೊಲಂಬಿಯಾ ಈ ಹಾಡನ್ನು ಮುಟ್ಟಲು ಒಪ್ಪಲಿಲ್ಲ. ದಕ್ಷಿಣದ ವ್ಯಾಪಾರ ಕೆಡುತ್ತದೆ ಎಂಬ ಹೆದರಿಕೆ. ಒಂದು ದಿನದ ಮಟ್ಟಿಗೆ ಬೇರೆಡೆ ಹಾಡಲು ಬಿಟ್ಟಿತು ಅಷ್ಟೇ. ತಟ್ಟೆ ಅಂಗಡಿ ಇಟ್ಟುಕೊಂಡು ಕೊಮೊಡೋರ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದ ಮಿಲ್ಟ್ ಗೇಬ್ಲರ್ ಧೈರ್ಯ ಮಾಡಿದ. 1939ರ ಏಪ್ರಿಲ್ 20ರಂದು ಹಾಡು ಮುದ್ರಣವಾಯಿತು. ಹಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲಿಲ್ಲ. ಆದರೂ ತಟ್ಟೆ ಮಾರುತ್ತಲೇ ಹೋಯಿತು. ಕೆಫೆ ಸೊಸೈಟಿಯಲ್ಲಿ ಅದು ರಾತ್ರಿಯ ಕೊನೆಯ ಹಾಡು. ಮಾಣಿಗಳು ನಿಂತಲ್ಲೇ ನಿಲ್ಲುವರು, ದೀಪ ಆರುವುದು, ಆಕೆಯ ಮುಖದ ಮೇಲೆ ಮಾತ್ರ ಒಂದು ಸಣ್ಣ ಬೆಳಕು. ಹಾಡು ಮುಗಿದರೆ ಮತ್ತೆ ವೇದಿಕೆಗೆ ಬರುತ್ತಿರಲಿಲ್ಲ.

ಆ ತಟ್ಟೆಯ ಹಿಂಬದಿಯನ್ನೂ ತಿರುವಿ ನೋಡ್ರಿ. ಅಲ್ಲಿದ್ದದ್ದು ಫೈನ್ ಅಂಡ್ ಮೆಲೋ, ಬಿಲ್ಲಿ ತಾನೇ ಕಟ್ಟಿದ ಹಾಡು. ಇದರಲ್ಲೊಂದು ಗುಟ್ಟಿದೆ. ಅಮೆರಿಕದ 1909ರ ಕಾಯ್ದೆಯ ಪ್ರಕಾರ ಮಾರುವ ಪ್ರತಿ ತಟ್ಟೆಗೂ ಹಾಡು ಕಟ್ಟಿದವರ ಕಡೆಗೆ 2 ಸೆಂಟಿನವರೆಗೆ ಸಲ್ಲಬೇಕಿತ್ತು; ಅದರಲ್ಲಿ ಪ್ರಕಾಶಕನಿಗೂ ಪಾಲು. ಬರೇ ಹಾಡಿದವರಿಗೆ ಅಂಥ ಹಕ್ಕು ಇರಲಿಲ್ಲ. ಜನ ಯಾವ ಬದಿಗಾಗಿ ಕೊಂಡರೂ ಎರಡೂ ಬದಿಯ ಹಾಡಿಗೆ ಲೆಕ್ಕ ಹತ್ತುತ್ತಿತ್ತು. ದನಿಗೆ ಕೂಲಿ, ಕಟ್ಟಿದ ಹಾಡಿಗೆ ಹಕ್ಕು ಅಂತಾಯಿತು.

1936ರಲ್ಲೇ ಬಿಲ್ಲೀಸ್ ಬ್ಲೂಸ್ ಕಟ್ಟಿದ್ದಳು. 1941ರಲ್ಲಿ ಆರ್ಥರ್ ಹೆರ್ಜಾಗ್ ಜೊತೆಗೂಡಿ ಗಾಡ್ ಬ್ಲೆಸ್ ದ ಚೈಲ್ಡ್ ಎಂಬ ಹಾಡು ಕೊಟ್ಟಳು. ರೊಕ್ಕದ ವಿಷಯಕ್ಕೆ ತಾಯಿಯೊಡನೆ ಆದ ಜಗಳ ಅದರ ಮೂಲ. ತನ್ನದು ಅಂತ ಏನಾದರೂ ಇದ್ದವರಿಗಷ್ಟೇ ನೆಮ್ಮದಿ ಎಂಬುದು ಅದರ ತಿರುಳು. ದಿನಗೂಲಿಗೆ ಹಾಡಿದವಳ ಬಾಯಿಂದಲೇ ಆ ಮಾತು ಬಂದಿದ್ದು ಅಕಸ್ಮಾತ್ತಲ್ಲ.

ಮುಂದೆ ಡೆಕ್ಕಾ ಕಂಪನಿಗೆ, ಪಿಟೀಲುಗಳ ಹಿಮ್ಮೇಳದಲ್ಲಿ, ಲವರ್ ಮ್ಯಾನ್ ಹಾಡಿ ಇನ್ನಷ್ಟು ಹೆಸರಾದಳು. ಆದರೆ 1947ರ ನ್ಯೂ ಆರ್ಲಿಯನ್ಸ್ ಸಿನಿಮಾದಲ್ಲಿ ಆಕೆಗೆ ಕೊಟ್ಟ ಪಾತ್ರ ಮನೆಗೆಲಸದವಳದು.

ಅಷ್ಟರಲ್ಲಿ ಮದ್ಯ, ಹೆರಾಯಿನ್ ಆಕೆಯನ್ನು ಹಿಡಿದಿದ್ದವು. ಇದನ್ನು ಮುಚ್ಚಿಡಬಾರದು. ಹೊಡೆಯುವ ಗಂಡಸರು, ದುಡ್ಡು ನುಂಗುವ ಜೊತೆಗಾರರು ಬೇರೆ. 1947ರಲ್ಲಿ ಬಂಧನವಾಗಿ ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ ಜೈಲಿಗೆ ಹೋದಳು. 1948ರ ಮಾರ್ಚ್‌ನಲ್ಲಿ ಹೊರಬಂದು ಹನ್ನೊಂದೇ ದಿನಕ್ಕೆ ಕಾರ್ನೆಗಿ ಹಾಲ್‌ನಲ್ಲಿ ಹಾಡಿದಾಗ ಸಭಾಂಗಣ ಕಿಕ್ಕಿರಿದಿತ್ತು. ಆದರೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಬೇಕಾದ ನ್ಯೂಯಾರ್ಕಿನ ಪರವಾನಗಿ ಚೀಟಿ ಮತ್ತೆ ಕೊಡಲಿಲ್ಲ. ಶಿಕ್ಷೆ ಮುಗಿದರೂ ಹೊಟ್ಟೆಪಾಡಿನ ಬಾಗಿಲು ಸಾಯುವ ತನಕ ಮುಚ್ಚೇ ಇತ್ತು. ಊರೂರು ಅಲೆದಳು, ಯುರೋಪಿಗೆ ಹೋದಳು, ಹಾಡುವುದನ್ನು ಬಿಡಲಿಲ್ಲ.

1957ರ ಡಿಸೆಂಬರಿನಲ್ಲಿ ಟಿ.ವಿ.ಯಲ್ಲಿ ಫೈನ್ ಅಂಡ್ ಮೆಲೋ ಹಾಡಿದಳು. ಕಾಯಿಲೆಯ ಲೆಸ್ಟರ್ ಯಂಗ್ ಎದ್ದು ನಿಂತು ಕೆಲವೇ ಸ್ವರ ಊದಿದಾಗ ಆಕೆ ತಲೆದೂಗುತ್ತಾ ನೋಡುವ ದೃಶ್ಯ ಈಗಲೂ ಸಿಗುತ್ತದೆ, ತಪ್ಪದೆ ನೋಡ್ರಿ. 1958ರ ಲೇಡಿ ಇನ್ ಸ್ಯಾಟಿನ್ ತಟ್ಟೆಯಲ್ಲಿ ದನಿ ಒಡೆದು ಹೋಗಿದೆ, ಆದರೂ ಒಂದೊಂದು ಶಬ್ದವೂ ಎದೆಗೆ ನಾಟುತ್ತದೆ. ಮರುವರ್ಷ ಮಾರ್ಚ್‌ನಲ್ಲಿ ಲೆಸ್ಟರ್ ಹೋದ. ಮೇ ಕೊನೆಗೆ ಬಿಲ್ಲಿ ಆಸ್ಪತ್ರೆ ಸೇರಿದಳು. ಪೊಲೀಸರು ಹಾಸಿಗೆಯಲ್ಲೇ ಬಂಧಿಸಿ ಕಾವಲು ಹಾಕಿದರು. 1959ರ ಜುಲೈ 17ರಂದು, 44ನೇ ವಯಸ್ಸಿಗೆ, ಜೀವ ಬಿಟ್ಟಳು. ಬ್ಯಾಂಕಿನಲ್ಲಿ ಉಳಿದದ್ದು 70 ಸೆಂಟ್. ಮೈಗೆ ಕಟ್ಟಿಕೊಂಡಿದ್ದ ನೋಟು 750 ಡಾಲರ್.

1999ರಲ್ಲಿ ಟೈಮ್ ಪತ್ರಿಕೆ ಸ್ಟ್ರೇಂಜ್ ಫ್ರೂಟ್ ಅನ್ನು ಶತಮಾನದ ಹಾಡು ಎಂದು ಆರಿಸಿತು. ಗುಂಪುಹತ್ಯೆಯನ್ನು ದ್ವೇಷಾಪರಾಧವೆಂದು ಶಿಕ್ಷಿಸುವ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2022ರಲ್ಲಿ. ಹಾಡು ಮುದ್ರಣವಾಗಿ 83 ವರ್ಷದ ಮೇಲೆ!

ಗೆಳೆಯರೇ, ಈಗ ನಮ್ಮ ಹುಡುಗರು ಹಾಡುತ್ತಾರೆ, ಯಾರೋ ಮೊಬೈಲಿನಲ್ಲಿ ಮುದ್ರಿಸಿ ಹಂಚುತ್ತಾರೆ, ಹೆಸರು ಇನ್ಯಾರದೋ ಇರುತ್ತದೆ. ಹಾಡು ಕಟ್ಟಿದರೆ ಮೊದಲು ಹಾಳೆಯ ಮೇಲೆ ನಿಮ್ಮ ಹೆಸರು, ತಾರೀಕು ಬರೀರಿ. ಕಾಗದ ಪೂರ್ತಿ ಓದದೆ ಸಹಿ ಹಾಕಬ್ಯಾಡ್ರಿ. ನಿಮ್ಮೂರ ಹಿರಿಯ ಹಲಗಿಯವರ, ಹಾಡುವ ಅಜ್ಜಿಯರ ದನಿಯನ್ನು ಅವರ ಹೆಸರಿನಲ್ಲೇ ಮುದ್ರಿಸಿ ಇಡ್ರಿ. ಆಮೇಲೆ ಒಂದು ರಾತ್ರಿ, ಬಿಲ್ಲಿಯ ಕೊಮೊಡೋರ್ ತಟ್ಟೆಯಲ್ಲಿ ದೀಪ ಆರಿಸಿ ಕೇಳುವ ಆ ಮೊದಲ ಬದಿಯನ್ನು ಕೇಳ್ರಿ. ಕೇಳಿ ಸುಮ್ಮನಾಗದೆ, ಆಕೆಯೇ ಕಟ್ಟಿದ ಹಿಂಬದಿಯ ಹಾಡನ್ನೂ ಕೇಳ್ರಿ.