ಲೂಯಿ ಬ್ರೈಲ್: ಫಾರ್ವರ್ಡ್‌ನಲ್ಲಿ ಬಂದ ಕಥೆ ಎಷ್ಟು ನಿಜ? ಒಂದು ಚುಕ್ಕಿ ಕೈಕೊಟ್ಟರೆ ಏನಾಗುತ್ತದೆ?

ಜನವರಿ 4 ಹತ್ತಿರ ಬಂದರೆ ಸಾಕು, ಲೂಯಿ ಬ್ರೈಲ್ ಬಗ್ಗೆ ಒಂದು ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ನೆಪೋಲಿಯನ್ ತನ್ನ ಸೈನಿಕರಿಗಾಗಿ ಮಾಡಿಸಿದ ಗುಪ್ತಲಿಪಿಯನ್ನು ಅಂಧ ಹುಡುಗನೊಬ್ಬ, ತನ್ನ ಕಣ್ಣು ಕಳೆದ ದಬ್ಬಳದಿಂದಲೇ ಬದಲಾಯಿಸಿದ ಎಂಬುದು ಅದರ ಸಾರ. ಈ ಸಲ ಅದು ನಮಗೆ ಬಂದಾಗ ನಾವು ಮೈಸೂರಿನಲ್ಲಿ ಗೆಳತಿಯೊಬ್ಬರ ಮನೆಯಲ್ಲಿದ್ದೆವು. ಅವರಿಗೆ ಕಣ್ಣು ಕಾಣುವುದಿಲ್ಲ. ಅವರ ಬ್ರೈಲ್ ನೋಟ್‌ಟೇಕರ್ ಹಿಂದಿನ ದಿನದಿಂದ ತಪ್ಪು ಓದಿಸುತ್ತಿತ್ತು. ಅಮ್ಮನ ಮಾತ್ರೆಗೆ 8 ಗಂಟೆ ಎಂದು ಬರೆದಿಟ್ಟಿದ್ದು ಬೆರಳಿಗೆ 5 ಎಂದು ಸಿಕ್ಕಿತ್ತು.

ಮೊದಲು ಕಥೆ ನೋಡೋಣ. ಯಂತ್ರದ ಕಾಯಿಲೆಯೂ ಅದರಲ್ಲೇ ಅರ್ಥವಾಗುತ್ತದೆ.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಬಳಿಯ ಕೂಪ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮು ಹೊಲಿಯುವವರು. ಮೂರನೇ ವಯಸ್ಸಿನಲ್ಲಿ ತಂದೆಯ ಕಾರ್ಖಾನೆಯಲ್ಲಿ ಆಡುವಾಗ ಚರ್ಮಕ್ಕೆ ತೂತು ಹಾಕುವ ಹತ್ಯಾರು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷವಾಗುವಷ್ಟರಲ್ಲಿ ಎರಡೂ ಹೋದವು. ಇಷ್ಟು ನಿಜ.

1819ರಲ್ಲಿ ಹುಡುಗ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿನ ಪುಸ್ತಕಗಳಲ್ಲಿ ಕಣ್ಣಿದ್ದವರು ಓದುವ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಹಾಕಿದ್ದರು. ಪುಸ್ತಕ ಎತ್ತುವುದೇ ಕಷ್ಟ, ಒಂದೊಂದು ಅಕ್ಷರದ ಸುತ್ತ ಬೆರಳು ತಿರುಗಿಸಿ ಓದಬೇಕು, ಬರೆಯಲಂತೂ ಆಗದು.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬಾತ ಉಬ್ಬು ಚುಕ್ಕಿಗಳ ಬರವಣಿಗೆಯನ್ನು ಆ ಶಾಲೆಗೆ ಪರಿಚಯಿಸಿದರು. ಫಾರ್ವರ್ಡ್ ಎಡವುವುದು ಇಲ್ಲೇ. ಬಾರ್ಬಿಯೆ ಹಿಂದೆ ಸೈನ್ಯದಲ್ಲಿದ್ದವರು, ಹೌದು. ಆದರೆ ನೆಪೋಲಿಯನ್ ಆಜ್ಞೆಯ ಮೇಲೆ ಈ ಲಿಪಿ ಮಾಡಿದರು ಎಂಬುದಕ್ಕೆ ಆಧಾರವಿಲ್ಲ. ಶಾಲೆಯ ಮುಖ ಕಾಣದ ರೈತರು, ಕುಶಲಕರ್ಮಿಗಳು, ಅಂಧರು, ಕಿವುಡರು ಸುಲಭವಾಗಿ ಬರೆಯಲಿ ಎಂಬುದು ಅವರ ಯೋಚನೆಯಾಗಿತ್ತು. ಚುಕ್ಕಿ ಒತ್ತಲು ಗೆರೆಗಳಿದ್ದ ಹಲಗೆ ಮತ್ತು ಮೊನೆಕಡ್ಡಿಯೂ ಅವರದೇ ಕೊಡುಗೆ. ಹಾಗಾಗಿ ದಬ್ಬಳದ ಕಥೆಯನ್ನೂ ಬಿಡಬಹುದು. ಸೊಗಸಾಗಿದೆ ಎಂಬ ಕಾರಣಕ್ಕೇ ಅದು ಇಷ್ಟು ದೂರ ಬಂದಿದೆ ಎಂದು ನಮ್ಮ ಅನಿಸಿಕೆ.

ಬಾರ್ಬಿಯೆ ಪದ್ಧತಿಯಲ್ಲಿ ಒಂದು ಗುರುತಿಗೆ 12 ಚುಕ್ಕಿಗಳವರೆಗೆ ಬೇಕಿತ್ತು. ಬೆರಳ ತುದಿಗೆ ಅಷ್ಟೂ ಒಮ್ಮೆಗೆ ಸಿಗುವುದಿಲ್ಲ. ಅದು ಉಚ್ಚಾರಣೆಯನ್ನಷ್ಟೇ ಬರೆಯುತ್ತಿತ್ತು, ಕಾಗುಣಿತಕ್ಕೆ ಜಾಗವಿರಲಿಲ್ಲ. ಲೂಯಿ ಚುಕ್ಕಿಗಳನ್ನು ಆರಕ್ಕೆ ಇಳಿಸಿದ. ಎಡಗಡೆ ಮೇಲಿನಿಂದ 1, 2, 3. ಬಲಗಡೆ 4, 5, 6. ಇಷ್ಟರಿಂದ 63 ಗುರುತುಗಳು ಸಿಗುತ್ತವೆ, ಪ್ರತಿಯೊಂದೂ ಒಂದೇ ಸ್ಪರ್ಶಕ್ಕೆ. 1824ರ ಹೊತ್ತಿಗೆ, 15ರ ಹರೆಯದಲ್ಲಿ, ಇದು ಬಹುಪಾಲು ಸಿದ್ಧವಾಗಿತ್ತು. 1829ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಬಾರ್ಬಿಯೆಯ ಋಣವನ್ನು ಬ್ರೈಲ್ ಒಪ್ಪಿಕೊಂಡಿದ್ದಾರೆ, ಕದ್ದದ್ದೇನೂ ಅಲ್ಲ.

ಅವರು ಅದೇ ಶಾಲೆಯಲ್ಲಿ ಮೇಷ್ಟರಾದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಕಣ್ಣಿದ್ದವರಿಗೂ ಓದಲು ಬರುವ ಅಕ್ಷರಗಳನ್ನು ಅಂಧರು ಬರೆಯಲೆಂದು 1839ರಲ್ಲಿ ಇನ್ನೊಂದು ಚುಕ್ಕಿ ಪದ್ಧತಿ ರೂಪಿಸಿದರು. ಅದನ್ನು ಬರೆಯುವ ಯಂತ್ರವನ್ನು ಅಂಧರೇ ಆದ ಫೂಕೋ ಮಾಡಿದರು. ಇಂದಿನ ನೋಟ್‌ಟೇಕರ್‌ಗೆ ಅದನ್ನು ಮುತ್ತಜ್ಜ ಎನ್ನಬಹುದು.

1840ರಲ್ಲಿ ಬಂದ ಹೊಸ ನಿರ್ದೇಶಕ ದ್ಯುಫೋ ಅವರಿಗೆ ಚುಕ್ಕಿಗಳು ಹಿಡಿಸಲಿಲ್ಲ, ತಡೆ ಹಾಕಿದರು. ಮಕ್ಕಳು ಕದ್ದುಮುಚ್ಚಿ ಬರೆದುಕೊಂಡರು. 1844ರಲ್ಲಿ ಶಾಲೆಯ ಹೊಸ ಕಟ್ಟಡ ಉದ್ಘಾಟನೆಯಾದಾಗ ಅದೇ ಲಿಪಿಯನ್ನು ಎಲ್ಲರೆದುರು ತೋರಿಸಲಾಯಿತು. ಅಷ್ಟರಲ್ಲಿ ಬ್ರೈಲ್‌ಗೆ ಕ್ಷಯ ಅಂಟಿತ್ತು. 1852ರ ಜನವರಿ 6ರಂದು, 43 ತುಂಬಿದ ಎರಡೇ ದಿನಕ್ಕೆ ತೀರಿಕೊಂಡರು. ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯನ್ನು ಎಂ. ಶ್ರೀನಿವಾಸ ರಾವ್ 1901ರಲ್ಲಿ ಆರಂಭಿಸಿದರು. ಆಗ ಭಾರತದಲ್ಲಿ ಒಂದೊಂದು ಕಡೆ ಒಂದೊಂದು ಬ್ರೈಲ್ ಸಂಕೇತ. 1951ರಲ್ಲಿ ಭಾರತಿ ಬ್ರೈಲ್ ಬಂದ ಮೇಲೆ ಕನ್ನಡದ 'ಕ'ಗೂ ಹಿಂದಿಯ 'ಕ'ಗೂ ಒಂದೇ ಗುರುತಾಯಿತು. ಬ್ರೈಲ್ ಒಂದು ಭಾಷೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಅದು ಲಿಪಿ, ಅದರಲ್ಲಿ ಬರೆದ ಕನ್ನಡ ಕನ್ನಡವೇ.

ಇನ್ನು ಗೆಳತಿಯ ಮನೆಗೆ. ಬ್ರೈಲ್‌ನಲ್ಲಿ 8 ಎಂದರೆ 1, 2, 5ನೇ ಚುಕ್ಕಿಗಳು. 5 ಎಂದರೆ 1 ಮತ್ತು 5. ನಡುವಿನ 2ನೇ ಚುಕ್ಕಿ ಮೇಲೇಳದಿದ್ದರೆ 8 ಹೋಗಿ 5 ಆಗುತ್ತದೆ, 7 ಹೋಗಿ 4, 6 ಹೋಗಿ 3, 2 ಹೋಗಿ 1. ಎಲ್ಲವೂ ಸರಿಯಾದ ಅಂಕಿಗಳೇ ಆದ್ದರಿಂದ ಬೆರಳಿಗೆ ಅನುಮಾನವೇ ಬರುವುದಿಲ್ಲ.

ಯಂತ್ರದೊಳಗೆ ಪ್ರತಿ ಚುಕ್ಕಿಯೂ ಒಂದು ಸಣ್ಣ ಕಡ್ಡಿ. ಕೆಳಗಿನ ತೆಳು ಪಟ್ಟಿ ವಿದ್ಯುತ್ ಕೊಟ್ಟಾಗ ಬಾಗಿ ಕಡ್ಡಿಯನ್ನು ಎತ್ತುತ್ತದೆ. ಬೆರಳಿನ ಜಿಡ್ಡು, ಊಟದ ಎಣ್ಣೆ, ಧೂಳು ಸೇರಿದರೆ ಕಡ್ಡಿ ಸಿಕ್ಕಿಕೊಳ್ಳುತ್ತದೆ. ನಾವು ಮೊದಲು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆವು. ಆಮೇಲೆ ಅವರು ಆರೂ ಕೀಲಿಗಳನ್ನು ಒಟ್ಟಿಗೆ ಒತ್ತುತ್ತಾ ಸಾಲು ತುಂಬಿಸಿ, ಬೆರಳಾಡಿಸಿದರು. ಎಲ್ಲ ಕಡೆ ಆರು ಚುಕ್ಕಿ, ಒಂದು ಮನೆಯಲ್ಲಿ ಮಾತ್ರ ಐದು. ಬರಹವನ್ನು ಪಕ್ಕಕ್ಕೆ ಸರಿಸಿದರೂ ದೋಷ ಅದೇ ಮನೆಯಲ್ಲಿ ಉಳಿಯಿತು, ಅಂದರೆ ಕಡ್ಡಿಯದೇ ತೊಂದರೆ. ದೋಷ ಬರಹದ ಜೊತೆ ಸರಿದಿದ್ದರೆ ಭಾಷೆಯ ಸೆಟ್ಟಿಂಗ್ ನೋಡಬೇಕಿತ್ತು. ಕನ್ನಡದ ಬದಲು ಇಂಗ್ಲಿಷ್ ಬ್ರೈಲ್ ಆಯ್ಕೆಯಾಗಿದ್ದರೂ ಪದಗಳು ಕಲಸುಮೇಲೋಗರವಾಗುತ್ತವೆ.

ಯಂತ್ರ ಆರಿಸಿ, ನೂಲು ಬಿಡದ ಬಟ್ಟೆಯನ್ನು ತುಸುವೇ ತೇವ ಮಾಡಿ ಒರೆಸಿದೆವು. ಸ್ಯಾನಿಟೈಸರ್ ಸಿಂಪಡಿಸಬೇಡಿ, ಸೂಜಿಯಿಂದ ಕೆದಕಬೇಡಿ, ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಪಟ್ಟಿಗಳಿಗೆ ಸುಮಾರು 200 ವೋಲ್ಟ್ ಬೇಕಾಗುತ್ತದೆ. ಓದುವ ಮುಂಚೆ ಕೈ ತೊಳೆದು ಒರೆಸಿಕೊಳ್ಳುವುದು, ಬಳಸದಾಗ ಮುಚ್ಚಿಡುವುದು, ಬರೆದದ್ದರ ಪ್ರತಿಯನ್ನು ಬೇರೆಡೆ ಇಡುವುದು, ಇವಿಷ್ಟು ದಿನವೂ ಮಾಡಬಹುದಾದ ಕೆಲಸ.

ಒರೆಸಿದ ಮೇಲೆ ಚುಕ್ಕಿ ಒಮ್ಮೆ ಎದ್ದಿತು, ಮತ್ತೆ ಮಲಗಿತು. ರಿಪೇರಿಗೆ ಕಳಿಸಲೇಬೇಕಾಯಿತು. ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ಕೇಳಿದೆವು. ಅವರು ಬೀರುವಿನಿಂದ ಹಳೆಯ ಬ್ರೈಲ್ ಸ್ಲೇಟ್ ತೆಗೆದು, ದಪ್ಪ ಕಾಗದ ಸಿಕ್ಕಿಸಿ, ಬಲದಿಂದ ಎಡಕ್ಕೆ ಟಕಟಕನೆ ಚುಚ್ಚಿದರು. ಕಾಗದ ತಿರುಗಿಸಿದಾಗ 8 ಸರಿಯಾಗಿ ಮೂಡಿತ್ತು. ಅದನ್ನೇ ಕತ್ತರಿಸಿ ಮಾತ್ರೆ ಡಬ್ಬಿಗೆ ಅಂಟಿಸಿದರು.