ಮೆಟ್ರೋ ಜನರದ್ದು, ಸತ್ಯ ಯಾರದ್ದು? ಹರ್ಬರ್ಟ್ ಮಾರಿಸನ್ ಕಥೆ

ಬಾಂಬ್ ಬೀಳುವಾಗ ಬಡವರು ಎಲ್ಲಿಗೆ ಓಡಬೇಕು? 1940ರ ಸೆಪ್ಟೆಂಬರ್ 7ರಂದು ಜರ್ಮನಿಯ ವಿಮಾನಗಳು ಲಂಡನ್ ಮೇಲೆ ಮುಗಿಬಿದ್ದಾಗ ಎದ್ದ ಪ್ರಶ್ನೆ ಇದು. ನೆಲದಡಿ ಮೆಟ್ರೋ ಇತ್ತು. ಆದರೆ ಅಲ್ಲಿ ಆಶ್ರಯ ಪಡೆಯುವ ಹಾಗಿಲ್ಲ ಅನ್ನೋದು ಸರ್ಕಾರದ ನಿಲುವು. ಯುದ್ಧಕಾಲದಲ್ಲಿ ರೈಲು ಓಡಲೇಬೇಕು, ಒಮ್ಮೆ ಕೆಳಗಿಳಿದ ಜನ ಹೆದರಿ ಮೇಲೆ ಬರೋದೇ ಇಲ್ಲ ಅಂತ ಅಧಿಕಾರಿಗಳ ಲೆಕ್ಕ. ಜನ ಸರಳ ಉಪಾಯ ಕಂಡುಕೊಂಡರು. ಅತಿ ಕಡಿಮೆ ದರದ ಟಿಕೆಟ್ ಕೊಂಡು ಒಳಗೆ ಹೋದರು, ಪ್ಲಾಟ್‌ಫಾರ್ಮ್ ಮೇಲೆ ಕಂಬಳಿ ಹಾಸಿದರು, ಬೆಳಗಾಗುವವರೆಗೆ ಕದಲಲಿಲ್ಲ. ಕೆಲವೇ ದಿನಗಳಲ್ಲಿ ಸರ್ಕಾರ ಸುಮ್ಮನಾಯಿತು. ಸೆಪ್ಟೆಂಬರ್ 27ರ ರಾತ್ರಿ ಎಣಿಸಿದಾಗ ಸುರಂಗಗಳಲ್ಲಿ ಸುಮಾರು 1,77,000 ಜನರಿದ್ದರು.

ಆ ಮೆಟ್ರೋ ಸಾರ್ವಜನಿಕ ಆಸ್ತಿಯಾಗಿದ್ದರ ಹಿಂದೆ ಒಬ್ಬ ರಾಜಕಾರಣಿಯ ದುಡಿಮೆ ಇತ್ತು. ಅವರೇ ಹರ್ಬರ್ಟ್ ಮಾರಿಸನ್.

ಮಾರಿಸನ್ ಹುಟ್ಟಿದ್ದು 1888ರಲ್ಲಿ, ದಕ್ಷಿಣ ಲಂಡನ್ನಿನಲ್ಲಿ, ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಮಗನಾಗಿ. ಹಸುಗೂಸಾಗಿದ್ದಾಗಲೇ ಬಲಗಣ್ಣಿನ ದೃಷ್ಟಿ ಹೋಯಿತು. 14ಕ್ಕೆ ಶಾಲೆ ಮುಗಿಯಿತು. ಅಂಗಡಿಗಳಲ್ಲಿ ಕೆಲಸ, ಬಿಡುವಿನಲ್ಲಿ ಓದು. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಲು ಒಪ್ಪದೆ ಲೆಚ್‌ವರ್ತ್‌ನ ತೋಟದಲ್ಲಿ ದುಡಿದರು. 1920ರಲ್ಲಿ ಹ್ಯಾಕ್ನಿಯ ಮೇಯರ್, 1923ರಲ್ಲಿ ಲೇಬರ್ ಪಕ್ಷದ ಸಂಸದ, 1929ರಲ್ಲಿ ಸಾರಿಗೆ ಸಚಿವ.

ಆಗ ಲಂಡನ್ನಿನ ಸಾರಿಗೆ ಅಂದರೆ ಗೊಂದಲ. ಖಾಸಗಿ ಬಸ್‌ಗಳ ಪೈಪೋಟಿ ಒಂದು ಕಡೆ, ಮೆಟ್ರೋ ಕಂಪನಿಗಳು ಇನ್ನೊಂದು ಕಡೆ, ನಗರಾಡಳಿತಗಳ ಟ್ರಾಮ್ ಮತ್ತೊಂದು ಕಡೆ. ಎಲ್ಲವನ್ನೂ ಒಂದೇ ಸಾರ್ವಜನಿಕ ನಿಗಮದಡಿ ತರಬೇಕು ಅನ್ನೋದು ಮಾರಿಸನ್ ಯೋಜನೆ. ಒಡೆತನ ಜನರದ್ದು, ನಡೆಸುವವರು ನುರಿತ ಮಂಡಳಿಯವರು. ಮಂಡಳಿಯಲ್ಲಿ ಕಾರ್ಮಿಕರಿಗೆ ಹಕ್ಕಿನ ಜಾಗ ಬೇಕು ಅಂತ ಕಾರ್ಮಿಕ ನಾಯಕ ಅರ್ನೆಸ್ಟ್ ಬೆವಿನ್ ಪಟ್ಟು ಹಿಡಿದರು. ಮಾರಿಸನ್ ಒಪ್ಪಲಿಲ್ಲ. 1931ರಲ್ಲಿ ಅವರ ಸರ್ಕಾರ ಬಿತ್ತು. ಮುಂದೆ ಬಂದವರು ಕೆಲವು ಬದಲಾವಣೆ ಮಾಡಿ ಅದೇ ಮಸೂದೆಯನ್ನು ಪಾಸು ಮಾಡಿದರು. 1933ರ ಜುಲೈ 1ರಂದು ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಕೆಲಸ ಶುರು ಮಾಡಿತು.

1940ರ ಅಕ್ಟೋಬರ್‌ನಲ್ಲಿ ಮಾರಿಸನ್ ಗೃಹ ಸಚಿವರಾದರು. ಆಶ್ರಯತಾಣಗಳ ಹೊಣೆ ಅವರ ಹೆಗಲಿಗೆ ಬಂತು. ಅಷ್ಟೊತ್ತಿಗೆ ಮೆಟ್ರೋ ವಿಚಾರವನ್ನು ಜನರೇ ತೀರ್ಮಾನಿಸಿಯಾಗಿತ್ತು. ಅದನ್ನು ವ್ಯವಸ್ಥೆಗೆ ತರೋದು ಉಳಿದಿತ್ತು. ನಿಲ್ದಾಣಗಳಿಗೆ ಮಂಚಗಳು, ಶೌಚಾಲಯಗಳು, ನರ್ಸ್‌ಗಳು ಬಂದರು. ತಿಂಡಿ, ಚಹಾ ಹೊತ್ತ ರೈಲುಗಳು ಓಡಿದವು. ಪ್ಲಾಟ್‌ಫಾರ್ಮ್ ಮೇಲೆ ಬಿಳಿ ಗೆರೆ ಎಳೆದರು: ಗೆರೆಯ ಆಚೆ ಕೆಲಸದಿಂದ ಮನೆಗೆ ಹೋಗುವವರು, ಈಚೆ ಮಲಗುವವರು. ಬೆಳಗ್ಗೆ ಹಾಸಿಗೆ ಸುತ್ತಿ ಇವರು ಮೇಲೆ ಹತ್ತಿದರೆ, ಅದೇ ಮೆಟ್ಟಿಲಲ್ಲಿ ಆಫೀಸು, ಕಾರ್ಖಾನೆಗಳ ಜನ ಇಳಿಯುತ್ತಿದ್ದರು.

ಸುರಂಗ ಪೂರ್ತಿ ಸುರಕ್ಷಿತವೇನೂ ಆಗಿರಲಿಲ್ಲ. ಅಕ್ಟೋಬರ್ 14ರಂದು ಬ್ಯಾಲಂ ನಿಲ್ದಾಣದ ಮೇಲಿನ ರಸ್ತೆಗೆ ಬಾಂಬ್ ಬಿದ್ದು, ನೀರು, ಕೆಸರು ಒಳನುಗ್ಗಿ 60ಕ್ಕೂ ಹೆಚ್ಚು ಜನ ಸತ್ತರು. ಮೆಟ್ರೋಗಿಂತಲೂ ಆಳದ ಎಂಟು ಆಶ್ರಯತಾಣಗಳನ್ನು ಕಟ್ಟಿಸಿದ್ದು ಮಾರಿಸನ್ ಕಾಲದಲ್ಲೇ. ಆದರೆ ಜನರಿಗೆ ಅವು ತೆರೆದದ್ದು 1944ರಲ್ಲಿ.

ಇದೇ ಮಾರಿಸನ್ 1941ರ ಜನವರಿಯಲ್ಲಿ ಕಮ್ಯುನಿಸ್ಟರ ಡೈಲಿ ವರ್ಕರ್ ಪತ್ರಿಕೆಯನ್ನು ನಿಷೇಧಿಸಿದರು. ಯುದ್ಧವನ್ನೇ ವಿರೋಧಿಸುತ್ತಿದ್ದ ಆ ಪತ್ರಿಕೆ ಒಳ್ಳೆಯ ಆಶ್ರಯತಾಣಕ್ಕಾಗಿ ದನಿ ಎತ್ತಿದ್ದೂ ಹೌದು. ಹಿಂದೊಮ್ಮೆ ತಾವೇ ಯುದ್ಧ ಬೇಡ ಅಂದಿದ್ದ ವ್ಯಕ್ತಿ ಇವರು.

ಅವರ ಬದುಕಿನ ಕಷ್ಟದ ಪ್ರಶ್ನೆ ಬರೋದು 1943ರ ಮಾರ್ಚ್ 3ರ ರಾತ್ರಿ. ಬೆಥ್ನಲ್ ಗ್ರೀನ್‌ನಲ್ಲಿ, ಇನ್ನೂ ರೈಲು ಓಡದ ಹೊಸ ನಿಲ್ದಾಣವೊಂದು ಆಶ್ರಯತಾಣವಾಗಿತ್ತು. ಸೈರನ್ ಕೂಗಿತ್ತು, ಪಕ್ಕದ ಉದ್ಯಾನದಿಂದ ವಿಮಾನ ನಿರೋಧಕ ರಾಕೆಟ್‌ಗಳು ಹಾರಿದವು. ಆ ಹೊಸ ಸದ್ದಿಗೆ ಜನ ಒಳಕ್ಕೆ ಧಾವಿಸಿದರು. ಮಂದ ಬೆಳಕಿನ, ನಡುವೆ ಕೈಹಿಡಿಯಿಲ್ಲದ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಎಡವಿದರು. ಅವರ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. 173 ಜನ ಸತ್ತರು, ಅವರಲ್ಲಿ 62 ಮಕ್ಕಳು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ.

ಆ ಪ್ರವೇಶದ್ವಾರ ಅಪಾಯಕಾರಿ, ಸರಿಪಡಿಸೋಣ ಅಂತ ಸ್ಥಳೀಯ ಕೌನ್ಸಿಲ್ 1941ರಲ್ಲೇ ಕೇಳಿತ್ತು. ಮೇಲಿನವರು ಒಪ್ಪಿರಲಿಲ್ಲ. ತನಿಖೆ ನಡೆಯಿತು, ವರದಿಯೂ ಬಂತು. ಶತ್ರುವಿಗೆ ಅನುಕೂಲವಾಗುತ್ತೆ ಅನ್ನೋ ಕಾರಣ ಕೊಟ್ಟು ಮಾರಿಸನ್ ಅದನ್ನು ಪ್ರಕಟಿಸಲಿಲ್ಲ. ಅದು ಹೊರಬಂದದ್ದು 1945ರಲ್ಲಿ. ಅಷ್ಟರಲ್ಲಿ ನ್ಯಾಯಾಲಯ ಹೊಣೆ ಹೊರಿಸಿದ್ದು ಅದೇ ಕೌನ್ಸಿಲ್ ಮೇಲೆ.

ಯುದ್ಧ ಮುಗಿದ ಮೇಲೆ ಅವರು ಉಪಪ್ರಧಾನಿಯಾಗಿ ರೈಲ್ವೆ, ಕಲ್ಲಿದ್ದಲು ಗಣಿಗಳ ರಾಷ್ಟ್ರೀಕರಣಕ್ಕೆ ದುಡಿದರು. 1965ರಲ್ಲಿ ತೀರಿಕೊಂಡರು. ಅವರನ್ನು ಖಳನಾಯಕ ಅನ್ನೋದು ಅನ್ಯಾಯ. ಆದರೆ ಜನರ ಪರವಾಗಿ ನುರಿತವರು ನಡೆಸಿದರೆ ಸಾಕು ಅಂತ ಅವರು ಕೊನೆಯವರೆಗೂ ನಂಬಿದ್ದರು. ಆ ನಂಬಿಕೆ ಎರಡು ಸಲ ಸೋತಿತು. 1940ರಲ್ಲಿ ಸುರಂಗದ ಬಾಗಿಲು ತೆಗೆಸಿದ್ದು ನುರಿತವರಲ್ಲ, ಕಂಬಳಿ ಹೊತ್ತು ಬಂದ ಜನ. 1943ರಲ್ಲಿ ಮೆಟ್ಟಿಲಿನ ಅಪಾಯ ಗೊತ್ತಿದ್ದವರು ಮಂತ್ರಾಲಯದವರಲ್ಲ, ಆ ಬೀದಿಯವರು. ಬಸ್ಸು, ಮೆಟ್ರೋ ಸರ್ಕಾರದ ಕೈಯಲ್ಲಿರಲಿ ಅಂತ ನಾವು ಕೇಳೋದು ಸರಿಯೇ. ಜೊತೆಗೆ ಅಪಘಾತದ ವರದಿಯೂ ನಮ್ಮ ಕೈಗೆ ಬರಲಿ ಅಂತ ಕೇಳದಿದ್ದರೆ, ಅದು ಅರ್ಧ ಒಡೆತನವಷ್ಟೇ.